ಮಸೂದೆಗಳನ್ನರಸುವ ಯಂತ್ರವೂ ಪಾಠವಿವೇಕವೂ

ಶಾಸನವೆಂಬ ಶಬ್ದಕ್ಕೆ ಕನ್ನಡದಲ್ಲಿ ಎರಡು ಅರ್ಥಗಳು ರೂಢವಾಗಿವೆ. ಕಲ್ಲಿನ ಮೇಲೆಯೂ ತಾಮ್ರದ ಮೇಲೆಯೂ ಕೊರೆದ ಬರಹವು ಒಂದು. ರಾಜ್ಯದ ಸಭೆಯು ವಿಧಿಸುವ ಕಟ್ಟಳೆಯು ಇನ್ನೊಂದು. ಮೊದಲನೆಯದನ್ನು ಓದುವ ಶಾಸ್ತ್ರವು ಹಲವು ತಲೆಮಾರುಗಳ ವಿದ್ವಾಂಸರ ಪರಿಶ್ರಮದಿಂದ ಕನ್ನಡನಾಡಿನಲ್ಲಿ ನೆಲೆಗೊಂಡಿದೆ. ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರದಲ್ಲಿ ಮುಕ್ತೇಶ್ವರ ದೇವಾಲಯದ ಶಾಸನಗಳನ್ನು ಓದತೊಡಗಿದವನು, ಅರಸನಾರು, ದಾನಿಯಾರು, ತಿಥಿ ಯಾವುದು, ಸವೆದುಹೋದ ಅಕ್ಷರಗಳೆಷ್ಟು ಎಂಬುದನ್ನು ಗೊತ್ತುಪಡಿಸದೆ ಒಂದು ಸಾಲನ್ನಾದರೂ ಪ್ರಮಾಣವಾಗಿ ಎತ್ತಿ ಆಡುವುದಿಲ್ಲ. ಎರಡನೆಯ ಬಗೆಯ ಶಾಸನವನ್ನು ಓದುವುದರಲ್ಲಿ ಇಂತಹ ಶಿಸ್ತು ವಕೀಲರ ಕೋಣೆಗಳ ಹೊರಗೆ ಅಷ್ಟಾಗಿ ಬೆಳೆಯಲಿಲ್ಲ. ಈಗ ಆ ಓದನ್ನು ಯಂತ್ರವು ಕೈಗೆತ್ತಿಕೊಂಡಿರುವುದರಿಂದ, ಅದನ್ನು ಪಾಠವಿಮರ್ಶೆಯ ಒರೆಗಲ್ಲಿಗೆ ಹಚ್ಚಿ ನೋಡುವುದು ಸಾಹಿತ್ಯವನ್ನು ಕಲಿಸುವವರಿಗೂ ಕರ್ತವ್ಯವಾಗಿದೆ.

ವಿಷಯವಿಷ್ಟು. ಶಾಸನಸಭೆಗಳ ಮುಂದೆ ಬರುವ ಮಸೂದೆಗಳನ್ನು ಕೃತಕ ಬುದ್ಧಿಮತ್ತೆಯ ಏಜೆಂಟುಗಳು ತಾವಾಗಿಯೇ ಹುಡುಕಿಕೊಳ್ಳುವಂತೆ ಮಾಡುವ ತಂತ್ರಾಂಶಗಳು ಈಚಿನ ವರ್ಷಗಳಲ್ಲಿ ಹುಟ್ಟಿಕೊಂಡಿವೆ. ಏಜೆಂಟೆಂದರೆ, ಕೇಳಿದ ಪ್ರಶ್ನೆಗೆ ತನ್ನ ನೆನಪಿನಿಂದ ಉತ್ತರ ಹೇಳಿ ಸುಮ್ಮನಾಗದೆ, ಹೊರಗಿನ ದಫ್ತರಗಳನ್ನು ತೆರೆದು, ಬೇಕಾದುದನ್ನು ತಂದು, ಓದಿ, ಕೇಳಿದವನ ಪರವಾಗಿ ಉತ್ತರವನ್ನು ಬರೆದೊಪ್ಪಿಸುವ ಯಂತ್ರ. ಧಾರವಾಡ ಸೀಮೆಯ ಕಚೇರಿಗಳ ಮಾತಿನಲ್ಲಿ ಹೇಳುವುದಾದರೆ ಅದು ಮುಖತ್ಯಾರನ ಕೆಲಸ. ಅದಕ್ಕೆ ದಫ್ತರದ ಬಾಗಿಲನ್ನು ತೆರೆದುಕೊಡುವುದು ತಂತ್ರಾಂಶದ ಕೆಲಸ. ಇಂತಹ ಬಾಗಿಲುಗಳೆಲ್ಲ ಒಂದೇ ಮಾದರಿಯಲ್ಲಿರಲೆಂದು ಆಂತ್ರೋಪಿಕ್ ಎಂಬ ಸಂಸ್ಥೆಯು 2024ರ ನವೆಂಬರಿನಲ್ಲಿ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್’ ಎಂಬ ಸಾಮಾನ್ಯ ಕ್ರಮವೊಂದನ್ನು ಪ್ರಕಟಿಸಿತು. ಅದರ ಪ್ರಕಾರ ಪ್ರತಿಯೊಂದು ಉಪಕರಣವೂ ತನ್ನ ಹೆಸರನ್ನು, ತಾನು ಮಾಡಬಲ್ಲ ಕೆಲಸವನ್ನು, ತನಗೆ ಬೇಕಾದ ವಿವರಗಳನ್ನು ಮಾತುಗಳಲ್ಲಿ ಬರೆದಿಡುತ್ತದೆ. ಏಜೆಂಟು ಆ ಬರಹವನ್ನೋದಿ, ಆ ಉಪಕರಣವನ್ನು ಕರೆಯಬೇಕೋ ಬೇಡವೋ ಎಂಬುದನ್ನು ನಿಶ್ಚಯಿಸುತ್ತದೆ. ಅಮೆರಿಕದ ಕಾಂಗ್ರೆಸ್ಸೂ ಬ್ರಿಟನ್ನಿನ ಪಾರ್ಲಿಮೆಂಟೂ ತಮ್ಮ ಮಸೂದೆಗಳ ವಿವರಗಳನ್ನು ಯಂತ್ರಗಳು ಓದಬಲ್ಲ ರೂಪದಲ್ಲಿ ಒದಗಿಸುತ್ತಿವೆ. ಭಾರತದಲ್ಲಿ ಸಂಸತ್ತಿನ ಜಾಲತಾಣದಿಂದ ಮಸೂದೆಗಳ ಪಾಠಗಳು ದೊರೆಯುತ್ತವೆ. 2005ರಲ್ಲಿ ಆರಂಭವಾದ ಪಿ.ಆರ್.ಎಸ್. ಲೆಜಿಸ್ಲೇಟಿವ್ ರಿಸರ್ಚ್ ಸಂಸ್ಥೆಯು ಅವುಗಳ ಸಾರವನ್ನೂ ಸ್ಥಿತಿಗತಿಯನ್ನೂ ಪ್ರಕಟಿಸುತ್ತ ಬಂದಿದೆ. ಕರ್ನಾಟಕದ ಕಾಯಿದೆಗಳನ್ನು ರಾಜ್ಯದ ಶಾಸನರಚನೆಯ ಇಲಾಖೆಯು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಒದಗಿಸುತ್ತದೆ. ಸಾಮಗ್ರಿಯು ಹೀಗೆ ಉಂಟು. ಅದನ್ನು ಹೇಗೆ ಓದಬೇಕೆಂಬುದೇ ಪ್ರಶ್ನೆ.

ಈ ಪ್ರಶ್ನೆಯು ಪಂಡಿತರ ವಿನೋದಕ್ಕಾಗಿ ಎದ್ದುದಲ್ಲ. ಕಾಯಿದೆಯು ಮುಗಿದ ಮಾತು. ಮಸೂದೆಯು ಇನ್ನೂ ನಡೆಯುತ್ತಿರುವ ಮಾತು. ಮಸೂದೆಯ ಕಾಲದಲ್ಲಿ ಮಾತ್ರ ಸಾಮಾನ್ಯನು ತನ್ನ ಆಕ್ಷೇಪವನ್ನು ಹೇಳಬಲ್ಲನು. ಕೇಂದ್ರ ಸರ್ಕಾರವು 2014ರಲ್ಲಿ ಗೊತ್ತುಮಾಡಿದ ನೀತಿಯಂತೆ ಕರಡು ಶಾಸನಗಳು ಕನಿಷ್ಠ 30 ದಿನಗಳ ಕಾಲ ಜನರ ಮುಂದೆ ಇರತಕ್ಕವು. ಆ ಮೂವತ್ತು ದಿನಗಳಲ್ಲಿ ಬ್ಯಾಡಗಿಯ ಅಡತಿ ಅಂಗಡಿಯ ಗುಮಾಸ್ತನಾಗಲಿ, ರಾಣೆಬೆನ್ನೂರಿನಲ್ಲಿ ಬೀಜೋತ್ಪಾದನೆಗೆ ಹೊಲ ಕೊಟ್ಟ ರೈತನಾಗಲಿ, ಹಾವೇರಿಯ ಶಾಲಾಮಾಸ್ತರನಾಗಲಿ ತನಗೆ ತಟ್ಟುವ ಮಸೂದೆಯೊಂದಿದೆಯೆಂದು ತಿಳಿಯದೆ ಹೋದರೆ, ಆಮೇಲೆ ತಿಳಿಯುವುದು ದಂಡದ ಮೂಲಕವೇ. ಆದುದರಿಂದ ಮಸೂದೆಗಳನ್ನರಸುವ ಉಪಕರಣವು ಬರಬೇಕೆಂಬುದರಲ್ಲಿ ವಿವಾದವಿಲ್ಲ. ಅದು ತಂದೊಪ್ಪಿಸುವ ಪಾಠವು ಯಾವ ಪಾಠವೆಂಬುದರಲ್ಲಿಯೇ ವಿಮರ್ಶೆಗೆ ಅವಕಾಶ.

ಕಾಗಿನೆಲೆಯು ಬ್ಯಾಡಗಿ ತಾಲ್ಲೂಕಿಗೆ ಸೇರಿದ ಊರು. ಅಲ್ಲಿಯ ಆದಿಕೇಶವನ ಅಂಕಿತದಲ್ಲಿ ಕನಕದಾಸರು ರಚಿಸಿದ ಕೀರ್ತನೆಗಳು ಬಾಯಿಂದ ಬಾಯಿಗೆ ಬಂದವುಗಳಾದುದರಿಂದ ಅವುಗಳಲ್ಲಿ ಪಾಠಾಂತರಗಳು ಸಹಜ. ಸಂಪಾದಕನಾದವನು ಯಾವ ಪ್ರತಿಯಿಂದ ಯಾವ ಪಾಠವನ್ನೆತ್ತಿಕೊಂಡನೆಂಬುದನ್ನು ಹೇಳದಿದ್ದರೆ ಅವನ ಗ್ರಂಥವನ್ನು ವಿದ್ವಾಂಸರು ಮನ್ನಿಸುವುದಿಲ್ಲ. ಮಸೂದೆಗೂ ಇದೇ ನ್ಯಾಯವು ಸಲ್ಲುವುದು. ಸಭೆಯಲ್ಲಿ ಮಂಡಿಸಿದಾಗಿನ ಪಾಠವೊಂದು. ಸಮಿತಿಯು ತಿದ್ದಿದ ಪಾಠ ಮತ್ತೊಂದು. ಒಂದು ಮನೆಯು ಅಂಗೀಕರಿಸಿದ ಪಾಠ ಇನ್ನೊಂದು. ಎರಡೂ ಮನೆಗಳು ಒಪ್ಪಿದ ಪಾಠ ಬೇರೊಂದು. ಕೊನೆಗೆ ರಾಜ್ಯಪಾಲರ ಅಂಕಿತವಾದಮೇಲೆ ಮಾತ್ರ ಅದು ಕಾಯಿದೆ. ಅಂಕಿತವನ್ನು ನೋಡಿ ಕೀರ್ತನೆಯ ಕರ್ತೃವನ್ನು ಗುರುತಿಸುವಂತೆ, ಅಂಕಿತವಾಯಿತೇ ಇಲ್ಲವೇ ಎಂಬುದನ್ನು ನೋಡಿಯೇ ಈ ಬರಹದ ಅಧಿಕಾರವನ್ನು ಗುರುತಿಸಬೇಕು. ಪದಗಳನ್ನು ಹೋಲಿಸಿ ಹುಡುಕುವ ಯಂತ್ರಕ್ಕೆ ಈ ಪಾಠಗಳು ಬಹುಮಟ್ಟಿಗೆ ಒಂದೇ. ಏಕೆಂದರೆ ಅವುಗಳಲ್ಲಿಯ ಪದಗಳು ಬಹುಮಟ್ಟಿಗೆ ಒಂದೇ. ಭೇದವಿರುವುದು ಪದಗಳಲ್ಲಲ್ಲ, ಪದವಿಯಲ್ಲಿ.

ಈ ಮಾತನ್ನು ಬ್ಯಾಡಗಿಯ ಪೇಟೆಯ ಉದಾಹರಣೆಯಿಂದ ಪರೀಕ್ಷಿಸಬಹುದು. ಗಾಢವಾದ ಕೆಂಪು ಬಣ್ಣಕ್ಕೂ ಮೃದುವಾದ ಖಾರಕ್ಕೂ ಹೆಸರಾಗಿ, 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆದ ಒಣಮೆಣಸಿನಕಾಯಿಯ ಪೇಟೆಯದು. ಅಲ್ಲಿಗೆ ಮಾಲು ತರುವ ರೈತನೊಬ್ಬನು, ಮಾರುಕಟ್ಟೆಯ ಪ್ರಾಂಗಣದ ಹೊರಗೆ ಮಾರಿದರೆ ಶುಲ್ಕ ಉಂಟೇ ಎಂದು ಏಜೆಂಟನ್ನು ಕೇಳಿದನೆನ್ನೋಣ. ಏಜೆಂಟಿನ ಮುಂದೆ ಬಂದು ಬೀಳುವ ಬರಹಗಳಿವು: ಮಾರುಕಟ್ಟೆ ಸಮಿತಿಗೆ ಇಡೀ ಮಾರುಕಟ್ಟೆ ಪ್ರದೇಶದ ಮೇಲೆ ಅಧಿಕಾರ ಕೊಟ್ಟಿದ್ದ 1966ರ ರಾಜ್ಯದ ಕಾಯಿದೆ, ಆ ಅಧಿಕಾರವನ್ನು ಪ್ರಾಂಗಣದೊಳಕ್ಕೆ ಸೀಮಿತಗೊಳಿಸಿದ 2020ರ ಮೇ ತಿಂಗಳ ಅಧ್ಯಾದೇಶ ಮತ್ತು ಅದನ್ನು ಅನುಸರಿಸಿದ ತಿದ್ದುಪಡಿ, ಪ್ರಾಂಗಣದ ಹೊರಗಿನ ವ್ಯಾಪಾರಕ್ಕೆ ಶುಲ್ಕವಿಲ್ಲವೆಂದ 2020ರ ಕೇಂದ್ರದ ಕಾಯಿದೆ, 2020ರ ರಾಜ್ಯದ ತಿದ್ದುಪಡಿಯನ್ನು ಹಿಂದೆಗೆಯಲು 2023ರ ಜುಲೈಯಲ್ಲಿ ವಿಧಾನಸಭೆಯು ಅಂಗೀಕರಿಸಿದ ಮಸೂದೆ. ಇವುಗಳಲ್ಲಿ ಕೇಂದ್ರದ ಕಾಯಿದೆಯನ್ನು ಸುಪ್ರೀಂ ಕೋರ್ಟು 2021ರ ಜನವರಿ 12ರಂದು ತಡೆಹಿಡಿಯಿತು. ಅದೇ ವರ್ಷದ ನವೆಂಬರಿನಲ್ಲಿ ಸಂಸತ್ತು ಅದನ್ನು ರದ್ದುಮಾಡಿತು. 2023ರ ಮಸೂದೆಯು ವಿಧಾನಸಭೆಯಲ್ಲಿ ಅಂಗೀಕೃತವಾದರೂ ವಿಧಾನ ಪರಿಷತ್ತಿನಲ್ಲಿ ಪರಿಶೀಲನಾ ಸಮಿತಿಗೆ ಹೋಯಿತು. ಕೆಳಮನೆಯು ಅಂಗೀಕರಿಸಿದ ದಿನವೇ ಅದು ಜಾರಿಗೆ ಬಂದಿತೆಂದು ಬರೆದವನು ಒಂದು ಪಾಠವನ್ನು ಇನ್ನೊಂದೆಂದು ಭಾವಿಸಿದವನು.

ಇಲ್ಲಿ ಇನ್ನೊಂದು ಅಪಾಯವೂ ಉಂಟು. ರದ್ದಾದ ಕೇಂದ್ರದ ಕಾಯಿದೆಯ ವಿಷಯದಲ್ಲಿ ದೇಶದಲ್ಲೆಲ್ಲ ಚಳವಳಿಯೂ ಚರ್ಚೆಯೂ ನಡೆದುದರಿಂದ ಅದನ್ನು ಕುರಿತ ಬರಹವು ರಾಶಿರಾಶಿಯಾಗಿದೆ. ರಾಜ್ಯದ ತಿದ್ದುಪಡಿಯನ್ನು ಕುರಿತ ಬರಹವು ಅದಕ್ಕೆ ಹೋಲಿಸಿದರೆ ಅಲ್ಪ. ಬಹುಜನರು ಬರೆದುದನ್ನು ಬಹಳವಾಗಿ ಓದಿ ಬೆಳೆದ ಯಂತ್ರಕ್ಕೆ ಸತ್ತ ಕಾಯಿದೆಯು ಹತ್ತಿರ, ಬದುಕಿರುವ ಕಾಯಿದೆಯು ದೂರ. ಪ್ರಸಿದ್ಧಿಯು ಪ್ರಾಮಾಣ್ಯವಲ್ಲವೆಂಬ ನ್ಯಾಯವನ್ನು ಸಾಹಿತ್ಯದ ವಿದ್ಯಾರ್ಥಿಗೆ ಮೊದಲ ವರ್ಷದಲ್ಲಿಯೇ ಕಲಿಸುವರು. ಅದನ್ನು ಈ ಯಂತ್ರಕ್ಕೆ ಕಲಿಸುವ ಹೊಣೆಯು ಹುಡುಕುವ ಉಪಕರಣದ ಮೇಲಿದೆ. 2024ರ ಮಾರ್ಚ್ 11ರಂದು ಬೆಲೆ ಕುಸಿದುದರಿಂದ ಕೆರಳಿದ ರೈತರ ಗುಂಪು ಬ್ಯಾಡಗಿಯ ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿಯಿಟ್ಟ ಸಂಗತಿಯನ್ನು ನೆನೆದರೆ, ಅಂತಹ ಪೇಟೆಯಲ್ಲಿ ಹಬ್ಬುವ ತಪ್ಪು ಸುದ್ದಿಯ ಬೆಲೆಯೇನೆಂಬುದನ್ನು ವಿವರಿಸಬೇಕಾದುದಿಲ್ಲ.

ರಾಣೆಬೆನ್ನೂರಿನ ಸಂಗತಿಯು ಇದಕ್ಕಿಂತ ಸೂಕ್ಷ್ಮವಾದುದು. ಆ ಸೀಮೆಯು ಬೀಜೋತ್ಪಾದನೆಗೆ ಹೆಸರಾದುದರಿಂದ ಅಲ್ಲಿಯವರಿಗೆ ಬೀಜದ ಶಾಸನಗಳು ದಿನನಿತ್ಯದ ಮಾತು. ಬೀಜದ ಗುಣವನ್ನು ಕುರಿತ ಮುಖ್ಯ ಶಾಸನವು 1966ರ ಬೀಜಗಳ ಕಾಯಿದೆ. ಅದರ ಸ್ಥಾನದಲ್ಲಿ ನಿಲ್ಲಬೇಕೆಂದು 2004ರಲ್ಲಿ ರಾಜ್ಯಸಭೆಯಲ್ಲಿ ಹೊಸ ಮಸೂದೆಯೊಂದು ಮಂಡಿತವಾಯಿತು. ರೈತನು ತನ್ನ ಬೆಳೆಯ ಬೀಜವನ್ನು ಉಳಿಸಿಕೊಂಡು, ಮತ್ತೆ ಬಿತ್ತಿ, ಹಂಚಿ, ಮುದ್ರೆಯ ಹೆಸರಿಲ್ಲದೆ ಮಾರಬಹುದೆಂಬ ಹಕ್ಕನ್ನಾದರೋ 2001ರ ಸಸ್ಯತಳಿಗಳ ಸಂರಕ್ಷಣೆಯ ಕಾಯಿದೆಯ 39ನೆಯ ಪ್ರಕರಣವು ಹೇಳುತ್ತದೆ. ಲೋಕಸಭೆಯಲ್ಲಿ ಬಾಕಿಯಿರುವ ಮಸೂದೆಯು ಆ ಸಭೆಯು ವಿಸರ್ಜಿತವಾದೊಡನೆ ವ್ಯಪಗತವಾಗುವುದು. ರಾಜ್ಯಸಭೆಯಲ್ಲಿ ಬಾಕಿಯಿದ್ದು ಲೋಕಸಭೆಯು ಅಂಗೀಕರಿಸದ ಮಸೂದೆಯು ಹಾಗೆ ವ್ಯಪಗತವಾಗುವುದಿಲ್ಲ. ಸಂವಿಧಾನದ 107ನೆಯ ಅನುಚ್ಛೇದದ ಈ ಭೇದವನ್ನರಿಯದ ಉಪಕರಣವು, ಚುನಾವಣೆಗಳು ಕಳೆದುವೆಂಬ ಕಾರಣದಿಂದ ಒಂದು ಮಸೂದೆಯನ್ನು ಸತ್ತಿತೆನ್ನಬಹುದು. ಇಲ್ಲವೆ ವರ್ಷಗಳಿಂದ ಪಟ್ಟಿಯಲ್ಲಿದೆಯೆಂಬ ಕಾರಣದಿಂದ ಅದನ್ನು ಕಾಯಿದೆಯೆನ್ನಬಹುದು. ಎರಡೂ ತಪ್ಪು. ಬೀಜವನ್ನು ಉಳಿಸಿಕೊಳ್ಳುವುದು ಅಪರಾಧವೋ ಹಕ್ಕೋ ಎಂಬ ಪ್ರಶ್ನೆಗೆ ಉತ್ತರವು ಈ ಕಾಲಗಣನೆಯ ಮೇಲೆ ನಿಂತಿದೆ.

ಇನ್ನು ಭಾಷೆಯ ವಿಚಾರ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು 1956ರ ವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದವು. 1935ರ ಭಾರತ ಸರ್ಕಾರದ ಕಾಯಿದೆಯ 85ನೆಯ ಕಲಮು ಪ್ರಾಂತಗಳ ಶಾಸನಸಭೆಗಳ ಕಲಾಪವೆಲ್ಲ ಇಂಗ್ಲಿಷಿನಲ್ಲಿ ನಡೆಯತಕ್ಕದ್ದೆಂದು ವಿಧಿಸಿ, ಆ ಭಾಷೆಯನ್ನರಿಯದ ಸದಸ್ಯರಿಗೆ ಮಾತ್ರ ಬೇರೆ ಭಾಷೆಯನ್ನಾಡಲು ಎಡೆಗೊಟ್ಟಿತ್ತು. ಸ್ವಾತಂತ್ರ್ಯಾನಂತರವೂ ಸಂವಿಧಾನದ 348ನೆಯ ಅನುಚ್ಛೇದವು ಮಸೂದೆ ಕಾಯಿದೆಗಳ ಅಧಿಕೃತ ಪಾಠವು ಇಂಗ್ಲಿಷಿನದೆಂದಿತು. ರಾಜ್ಯವು ತನ್ನ ಭಾಷೆಯನ್ನು ಇದಕ್ಕಾಗಿ ಗೊತ್ತುಮಾಡಿದ್ದರೂ, ರಾಜ್ಯಪಾಲರ ಅಧಿಕಾರದಿಂದ ಗೆಜೆಟ್ಟಿನಲ್ಲಿ ಪ್ರಕಟವಾದ ಇಂಗ್ಲಿಷ್ ಅನುವಾದವೇ ಅಧಿಕೃತವೆಂದಿತು. ಮೂಲವು ಕನ್ನಡ, ಪ್ರಮಾಣವು ಅದರ ಅನುವಾದ! ಕೇಂದ್ರದ ಕಾಯಿದೆಗಳನ್ನು ಪ್ರಾದೇಶಿಕ ಭಾಷೆಗಳಲ್ಲಿ ಅಧಿಕೃತವಾಗಿ ಪ್ರಕಟಿಸಲು 1973ರ ಕಾಯಿದೆಯೊಂದು ದಾರಿಮಾಡಿಕೊಟ್ಟಿದೆ. ಆದರೆ ಅದು ಕಾಯಿದೆಗಳ ಮಾತು. ಆಕ್ಷೇಪಕ್ಕೆ ಅವಕಾಶವಿರುವ ಮಸೂದೆಯ ಹಂತದಲ್ಲಿ ಅಂತಹ ಕನ್ನಡ ಪಾಠದ ಆಶ್ರಯವಿಲ್ಲ. ಹೀಗಿರಲು ಏಜೆಂಟು ಇಂಗ್ಲಿಷ್ ಮಸೂದೆಯನ್ನೋದಿ ಕನ್ನಡದಲ್ಲಿ ಉತ್ತರವಿತ್ತರೆ, ಆ ಕನ್ನಡವು ಯಾವ ಸಭೆಯೂ ಒಪ್ಪದ, ಯಾವ ಅಧಿಕಾರಿಯೂ ರುಜುಹಾಕದ ಹೊಸ ಅನುವಾದ. ಅದು ಉಪಯುಕ್ತವಾಗಿರಬಹುದು, ಆದರೆ ಅನುವಾದವೆಂದು ಹೇಳಿಕೊಂಡು ಬರಬೇಕು, ಶಾಸನದ ವೇಷದಲ್ಲಿ ಬರಬಾರದು.

ಕನ್ನಡ ಪಾಠವಿರುವಲ್ಲಿಯೂ ಅದನ್ನು ಹುಡುಕುವುದು ಸುಲಭವಲ್ಲ. ಮಸೂದೆಯೆಂದು ಪತ್ರಿಕೆಗಳು ಬರೆಯುವುದನ್ನು ಸರ್ಕಾರವು ವಿಧೇಯಕವೆನ್ನುತ್ತದೆ, ಸುಗ್ರೀವಾಜ್ಞೆಯನ್ನು ಅಧ್ಯಾದೇಶವೆನ್ನುತ್ತದೆ, ಕಾಯಿದೆ, ಕಾಯ್ದೆ, ಕಾನೂನು, ಆಕ್ಟು ಎಂದು ಜನರು ಕರೆಯುವುದನ್ನು ಅಧಿನಿಯಮವೆನ್ನುತ್ತದೆ. ಹಾವೇರಿಯ ಹಿರಿಯರು ಕಲಮೆನ್ನುವುದು ಅಧಿನಿಯಮದ ಕನ್ನಡದಲ್ಲಿ ಪ್ರಕರಣ. ಆದರೆ ಪ್ರಕರಣವೆಂಬುದಕ್ಕೆ ಕೋರ್ಟಿನ ಖಟ್ಲೆಯೆಂಬ ಅರ್ಥವೂ ಇರುವುದರಿಂದ, ಆ ಮಾತನ್ನು ಹಿಡಿದು ಹುಡುಕಿದವನಿಗೆ ಶಾಸನದ ಬದಲು ಕಳವಿನ ಸುದ್ದಿಗಳು ಸಿಕ್ಕಾವು. ಬ್ಯಾಡಗಿಯನ್ನು ಬ್ಯಾಡಿಗಿಯೆಂದೂ ಬರೆಯುವರು. ರಾಣೆಬೆನ್ನೂರು, ರಾಣೇಬೆನ್ನೂರು, ರಾಣಿಬೆನ್ನೂರು ಮೂರೂ ಪ್ರಚಾರದಲ್ಲಿವೆ. ಇದರ ಮೇಲೆ ಸಂಧಿಯೂ ವಿಭಕ್ತಿಯೂ ಸೇರಿ ಒಂದೇ ಪದವು ಹತ್ತಾರು ರೂಪಗಳನ್ನು ತಾಳುವುದು. ಇಂಗ್ಲಿಷಿನ ಮಾದರಿಯಲ್ಲಿ ಪದವನ್ನು ಅಕ್ಷರಶಃ ಹೋಲಿಸುವ ಉಪಕರಣವು ಕನ್ನಡದಲ್ಲಿ ಅರೆಗುರುಡು.

ಹೆಸರುಗಳ ಚರಿತ್ರೆಯೂ ಇದೇ ತೊಡಕನ್ನೊಡ್ಡುವುದು. ಹಾವೇರಿ ಜಿಲ್ಲೆಯು ಧಾರವಾಡ ಜಿಲ್ಲೆಯಿಂದ ಬೇರೆಯಾದುದು 1997ರಲ್ಲಿ. ಅದಕ್ಕೂ ಹಿಂದಿನ ಎಲ್ಲ ಕಾಗದಗಳಲ್ಲಿ ಹಾವೇರಿಯು ಧಾರವಾಡ ಜಿಲ್ಲೆಯ ಊರು. ಬ್ರಿಟಿಷರ ಕಾಲದಲ್ಲಿ ಹಾವೇರಿಯು ಮುಖ್ಯಸ್ಥಳವಾಗಿದ್ದ ತಾಲ್ಲೂಕಿನ ಹೆಸರು ಕರಜಗಿ. 1966ರ ಮಾರುಕಟ್ಟೆ ಕಾಯಿದೆಯು ಹುಟ್ಟಿದುದು ಮೈಸೂರು ಹೆಸರಿನಲ್ಲಿ. ರಾಜ್ಯದ ಹೆಸರು 1973ರಲ್ಲಿ ಬದಲಾದಮೇಲೆ ಅದು ಕರ್ನಾಟಕದ ಕಾಯಿದೆಯಾಯಿತು. ಅದಕ್ಕೂ ಮುಂಚೆ ಈ ಊರುಗಳಿಗೆ ಸಲ್ಲುತ್ತಿದ್ದುದು ಮುಂಬಯಿಯ 1939ರ ಕಾಯಿದೆ. ಹೆಸರಿನೊಳಗಿನ ವರ್ಷವನ್ನೂ ನಂಬುವಂತಿಲ್ಲ. 2023ರ ಜನವರಿಯಲ್ಲಿ ಹಾವೇರಿಯಲ್ಲಿ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನವು ನೆರೆದಾಗ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿಯ ಮಸೂದೆಯು ಇನ್ನೂ ಮಸೂದೆಯಾಗಿಯೇ ಇತ್ತು. ಅನಂತರ ಕಾಯಿದೆಯಾದರೂ ಅದರ ಹೆಸರಿನಲ್ಲಿ ಉಳಿದ ವರ್ಷವು 2022.

ಇವೆಲ್ಲಕ್ಕಿಂತ ಕೆಳಗಿನ ತೊಡಕು ಅಕ್ಷರದ್ದು. ಯೂನಿಕೋಡು ರೂಢಿಗೆ ಬರುವ ಮೊದಲು ನುಡಿ ಮೊದಲಾದ ತಂತ್ರಾಂಶಗಳ ಹಳೆಯ ಲಿಪಿವಿನ್ಯಾಸದಲ್ಲಿ ಸಿದ್ಧವಾದ ಕಾಗದಗಳು ಕಣ್ಣಿಗೆ ಕನ್ನಡವಾಗಿ ಕಾಣುವುವು. ಯಂತ್ರದ ಒಳಗೆ ಮಾತ್ರ ಅವು ರೋಮನ್ ಅಕ್ಷರಗಳ ಕಲಸುಮೇಲೋಗರ. ಕಾಗದದ ಚಿತ್ರವಾಗಿ ಮಾತ್ರ ಉಳಿದವುಗಳಲ್ಲಿ ಅದೂ ಇಲ್ಲ. ಕಲ್ಲು ಸವೆದು ಅಕ್ಷರ ಕಾಣದಿರುವುದಕ್ಕೂ, ಅಕ್ಷರ ಕಂಡರೂ ಯಂತ್ರಕ್ಕೆ ಕಾಣದಿರುವುದಕ್ಕೂ ಫಲದಲ್ಲಿ ಭೇದವಿಲ್ಲ. ಆದರೆ ಶಾಸನತಜ್ಞನು ಸವೆದ ಕಡೆಯಲ್ಲಿ ಚುಕ್ಕೆಗಳನ್ನಿಟ್ಟು, ಇಲ್ಲಿ ಇಷ್ಟು ಅಕ್ಷರಗಳು ನಷ್ಟವೆಂದು ಬರೆಯುತ್ತಾನೆ. ಹುಡುಕುವ ಉಪಕರಣವು ಓದಲಾರದ ಕಾಗದವನ್ನು ಲೆಕ್ಕಕ್ಕೇ ಹಿಡಿಯದೆ, ಅಂತಹ ಮಸೂದೆಯಿಲ್ಲವೆಂದು ಏಜೆಂಟಿಗೆ ತಿಳಿಸಿದರೆ, ಏಜೆಂಟು ಕೇಳಿದವನಿಗೆ ಅದನ್ನೇ ಇನ್ನಷ್ಟು ಧೈರ್ಯದಿಂದ ಹೇಳುವುದು. ದೊರೆಯಲಿಲ್ಲವೆಂಬುದೂ ಇಲ್ಲವೆಂಬುದೂ ಬೇರೆ ಬೇರೆ ವಾಕ್ಯಗಳು. ಅವೆರಡನ್ನೂ ಬೇರೆಯಾಗಿಡುವುದೇ ಇಂತಹ ಉಪಕರಣದ ಪ್ರಾಮಾಣಿಕತೆಯ ಮೊದಲ ಪರೀಕ್ಷೆ.

ಈ ಆಕ್ಷೇಪಗಳಿಗೆ ಸಮಾಧಾನ ಹೇಳುವವರೂ ಉಂಟು. ಮನುಷ್ಯನೂ ತಪ್ಪುತ್ತಾನೆ, ಮಸೂದೆಯನ್ನೋದದೆ ಮಸೂದೆಯ ಮೇಲೆ ಭಾಷಣಮಾಡುವವರು ಹಿಂದೆಯೂ ಇದ್ದರು, ಯಂತ್ರವು ದಿನದಿನಕ್ಕೆ ಸುಧಾರಿಸುತ್ತಿದೆ ಎಂಬುದು ಅವರ ವಾದ. ಮೂರು ಮಾತುಗಳೂ ನಿಜವೇ. ಉಪಕರಣದ ಗುಣವನ್ನು ಮರೆಯುವುದೂ ನ್ಯಾಯವಲ್ಲ. ತಿದ್ದುಪಡಿ ಮಸೂದೆಯು ಬಹುಮಟ್ಟಿಗೆ ಇಂತಹ ಪ್ರಕರಣದಲ್ಲಿ ಇಂತಹ ಮಾತುಗಳ ಬದಲಾಗಿ ಇಂತಹ ಮಾತುಗಳನ್ನು ಸೇರಿಸತಕ್ಕದ್ದೆಂಬ ವಾಕ್ಯಗಳ ಸರಣಿ. ಮೂಲ ಕಾಯಿದೆಯನ್ನು ಪಕ್ಕದಲ್ಲಿಟ್ಟುಕೊಳ್ಳದವನಿಗೆ ಅದರಿಂದ ಯಾವ ಅರ್ಥವೂ ಹೊರಡದು. ಮೂಲವನ್ನೂ ತಿದ್ದುಪಡಿಯನ್ನೂ ಹತ್ತಿರವಿಟ್ಟು, ಬದಲಾದುದೇನೆಂಬುದನ್ನು ಸಾಮಾನ್ಯನ ಕನ್ನಡದಲ್ಲಿ ಕ್ಷಣಮಾತ್ರದಲ್ಲಿ ತೋರಿಸುವ ಸಾಮರ್ಥ್ಯವು ಈ ಯಂತ್ರಗಳಿಗಿದೆ. ತಾಲ್ಲೂಕಿನ ಊರಿನಲ್ಲಿ ಈ ಸೇವೆಯನ್ನು ಮಾಡುವವರು ಬೇರೆ ಯಾರು? ಆದರೆ ಗುಮಾಸ್ತನು ತಪ್ಪಿದರೆ ಅವನು ನೋಡಿದ ಕಾಗದವಾವುದೆಂದು ಕೇಳಬಹುದು. ಯಂತ್ರವನ್ನೂ ಹಾಗೆ ಕೇಳುವಂತಿರಬೇಕು, ಅದು ಉತ್ತರಿಸುವಂತಿರಬೇಕು. ಸುಧಾರಣೆಯೆಂದರೆ ಮಾತಿನ ಸೊಗಸು ಹೆಚ್ಚುವುದಲ್ಲ; ಮಾತಿನ ಮೂಲವು ಕಾ​ಣುವುದು.

ಹಾಗಾದರೆ ಉಪಕರಣವು ಒಪ್ಪಿಸುವ ಪ್ರತಿಯೊಂದು ಪಾಠದ ಜೊತೆಯಲ್ಲಿ ಐದು ಸಂಗತಿಗಳು ಬೇರ್ಪಡದಂತೆ ಬರಬೇಕು: ಇದು ಯಾವ ಸಭೆಯ ಯಾವ ಹಂತದ ಪಾಠ, ಯಾವ ತಾರೀಖಿನಂದು ನೋಡಿದುದು, ಯಾವ ಭಾಷೆಯದು, ಅಧಿಕೃತವೋ ಅನುವಾದವೋ, ಹುಡುಕಿದ ದಫ್ತರದಲ್ಲಿ ಓದಲಾಗದೆ ಉಳಿದುದೇನು. ಇವುಗಳನ್ನು ಒದಗಿಸುವುದು ತಂತ್ರಾಂಶವನ್ನು ಕಟ್ಟುವವರ ಹೊಣೆ. ಮಸೂದೆಗಳನ್ನು ಮಂಡಿಸಿದ ದಿನವೇ ಯೂನಿಕೋಡಿನ ಕನ್ನಡದಲ್ಲಿ ಪ್ರಕಟಿಸುವುದು ಸರ್ಕಾರದ ಹೊಣೆ. ಮೂರನೆಯ ಹೊಣೆಯೊಂದು ವಿದ್ವಾಂಸರದು. ವಿಧೇಯಕವೂ ಮಸೂದೆಯೂ ಒಂದೇ, ಕಲಮೂ ಪ್ರಕರಣವೂ ಒಂದೇ, ಕರಜಗಿ ತಾಲ್ಲೂಕಿನ ಕಾಗದವೇ ಹಾವೇರಿಯ ಕಾಗದವೆಂಬುದನ್ನು ಯಂತ್ರಕ್ಕೆ ತಿಳಿಸುವ ಪದಕೋಶವೂ ಸ್ಥಳನಾಮಕೋಶವೂ ಎಂಜಿನಿಯರರಿಂದ ಹುಟ್ಟಲಾರವು. ಶಾಸನಗಳಿಗೆ ಪದಸೂಚಿಗಳನ್ನೂ ಕಾವ್ಯಗಳಿಗೆ ಪಾಠಾಂತರಸೂಚಿಗಳನ್ನೂ ಸಿದ್ಧಪಡಿಸಿದ ಕೈಗಳಿಗೆ ಇದು ಹೊಸ ಕೆಲಸವಲ್ಲ. ಅದು ನಡೆಯುವ ವರೆಗೆ, ಪ್ರಾಂಗಣದ ಹೊರಗೆ ಮಾರಲೇ ಬೇಡವೇ ಎಂದು ಬ್ಯಾಡಗಿಯ ರೈತನು ಕೇಳಿದಾಗ, ಯಂತ್ರವು ಕೊಡುವ ಉತ್ತರವನ್ನು ಗೆಜೆಟ್ಟಿನೊಡನೆ ಹೋಲಿಸಿ ನೋಡದೆ ಪ್ರಮಾಣವೆನ್ನುವಂತಿಲ್ಲ.